ಸೈಬರ್ ಕೆಫೆಯ ಆಟ ಪಡಸಾಲೆಗೆ ಬಂದಾಗ

ಇಳಕಲ್‌ನಿಂದ ಭಾಭಿಯ ಫೋನು ಬಂದಾಗ ಅವರ ದನಿಯಲ್ಲಿ ಅಳುವೊಂದೇ ಬಾಕಿ ಇತ್ತು. "ನಿನ್ನ ಅಣ್ಣ ದಮ್ಮಾಮ್‌ನಿಂದ ಬರುವಾಗ ಟಿವಿಗೆ ಜೋಡಿಸುವ ಆಟದ ಪೆಟ್ಟಿಗೆ ತಂದುಕೊಟ್ಟು ಹೋಗಿದ್ದಾರೆ. ಸಂಜೆಯಾದರೆ ಪಡಸಾಲೆಯಲ್ಲಿ ಗುಂಡಿನ ಸದ್ದು! ದೊಡ್ಡವನು ಪಿಯುಸಿ. ಚಿಕ್ಕವನಿಗೆ ಇನ್ನೂ ಒಂಬತ್ತು, ಅವನೂ ಬಾಯಿ ತೆರೆದು ನೋಡುತ್ತಾ ಕೂರುತ್ತಾನೆ. ನೀನಾದರೂ ಅವರಿಗೆ ಹೇಳಮ್ಮಾ."

ನನಗೆ ನಗು ಬಂತು. 2004ರಲ್ಲಿ ಬಾಗಲಕೋಟೆಯಲ್ಲಿ ಓದುತ್ತಿದ್ದ ಇದೇ ಅಣ್ಣ ಟ್ಯೂಷನ್ ಎಂದು ಹೇಳಿ ನವನಗರದ ಸೈಬರ್ ಕೆಫೆಯಲ್ಲಿ ಕುಳಿತಿರುತ್ತಿದ್ದ. ಒಂದು ದಿನ ಅಬ್ಬಾ ಹೋಗಿ ಕಿವಿ ಹಿಡಿದು ಎಬ್ಬಿಸಿ ತಂದರು. ಆರು ಕಂಪ್ಯೂಟರುಗಳಿಗೆ ತಂತಿ ಜೋಡಿಸಿ ಆರು ಹುಡುಗರು ಆಡುತ್ತಿದ್ದ ಆ ಆಟದ ಹೆಸರು ‘ಕೌಂಟರ್ ಸ್ಟ್ರೈಕ್’. ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಯುವಕರು 1999ರಲ್ಲಿ ‘ಹಾಫ್ ಲೈಫ್’ ಎಂಬ ಇನ್ನೊಂದು ಆಟದ ಮೇಲೆ ಅದನ್ನು ಕಟ್ಟಿದರು. 2000ದಲ್ಲಿ ವಾಲ್ವ್ ಕಂಪೆನಿ ಅದನ್ನು ಮಾರಾಟಕ್ಕೆ ತಂದಿತು.

ಕಂಪ್ಯೂಟರಿಗೆಂದು ಹುಟ್ಟಿದ ಆ ಆಟ 2003ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಪೆಟ್ಟಿಗೆಗೂ ಬಂತು. ಸೀಡಿ ತೆಗೆದು ಅಲ್ಲಿ ಹಾಕಿದರಾಯಿತು ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ! ಕಂಪ್ಯೂಟರಿನಲ್ಲಿ ಮೌಸ್ ಸರಿಸಿದ ಕಡೆಗೆ ಗುರಿ ಓಡುತ್ತದೆ. ಟಿವಿ ಆಟದಲ್ಲಿ ಆ ಕೆಲಸ ಹೆಬ್ಬೆರಳಿನಡಿಯ ಪುಟ್ಟ ಕಡ್ಡಿಯದು, ಅದಕ್ಕೆ ಅಷ್ಟು ಚುರುಕಿಲ್ಲ. 2001ರಲ್ಲಿ ಬಂದ ‘ಹೇಲೋ’ ಎಂಬ ಆಟದಲ್ಲಿ ಇದಕ್ಕೊಂದು ಉಪಾಯ ಮಾಡಿದ್ದರು. ಗುರಿ ಎದುರಾಳಿಯ ಹತ್ತಿರ ಬಂದಾಗ ಕೈಯ ವೇಗ ತಾನಾಗಿ ತುಸು ಇಳಿಯುತ್ತದೆ. ಎಕ್ಸ್‌ಬಾಕ್ಸ್‌ನ ಸ್ಮರಣಶಕ್ತಿ ಬರೀ 64 ಎಂಬಿ. ಇಂದಿನ 4 ಜಿಬಿ ಫೋನಿನಲ್ಲಿ ಅದರ 64 ಪಟ್ಟು ಇರುತ್ತದೆ! ಇನ್ನು ಕಂಪ್ಯೂಟರಿನ ಮುಂದೆ ಒಂದು ಮೊಳದ ದೂರದಲ್ಲಿ ಕೂರುತ್ತೇವೆ, ಟಿವಿಯನ್ನು ಕೋಣೆಯ ಆಚೆ ಬದಿಯಿಂದ ನೋಡುತ್ತೇವೆ. ಹಾಗಾಗಿ ಅಕ್ಷರಗಳೂ ದೊಡ್ಡದಾಗಬೇಕು. ಇಂಟರ್‌ನೆಟ್ ಇಲ್ಲದ ಮನೆಯಲ್ಲಿ ಜೊತೆಗಾರರು ಎಲ್ಲಿಂದ ಬರಬೇಕು? ಅದಕ್ಕೆ ಯಂತ್ರವೇ ಆಡಿಸುವ ಆಟಗಾರರನ್ನು ಸೇರಿಸಿದರು.

ರಜೆಯಲ್ಲಿ ಇಳಕಲ್‌ಗೆ ಹೋದೆ. ಅಳಿಯ ಆಡುತ್ತಿದ್ದುದು ‘ಪಬ್‌ಜಿ’. ನಮ್ಮಲ್ಲಿ ಹೆಚ್ಚಿನವರಿಗೆ ಅದು ಫೋನಿನ ಆಟವಾಗಿಯೇ ಗೊತ್ತು. 2018ರಲ್ಲಿ ಫೋನಿಗೆ ಬಂತು, 2020ರ ಸೆಪ್ಟೆಂಬರಿನಲ್ಲಿ ಸರಕಾರ ಅದನ್ನು ನಿಷೇಧಿಸಿತು. ಆದರೆ ಅದರ ಮೂಲವೂ ಕಂಪ್ಯೂಟರ್. 2017ರಲ್ಲಿ ಅಲ್ಲಿ ಶುರುವಾಗಿ ಅದೇ ಡಿಸೆಂಬರಿನಲ್ಲಿ ಎಕ್ಸ್‌ಬಾಕ್ಸ್‌ಗೆ, ಮರುವರ್ಷ ಪ್ಲೇಸ್ಟೇಷನ್‌ಗೆ ಬಂತು. ನೂರು ಜನ ಒಟ್ಟಿಗೆ ಇಳಿಯುವ ಆಟ. ಆದರೂ ಟಿವಿ ಪೆಟ್ಟಿಗೆಯವರನ್ನು ಕಂಪ್ಯೂಟರಿನವರ ಜೊತೆ ಸೇರಿಸುವುದಿಲ್ಲ. ಮೌಸ್‌ನವರ ಮುಂದೆ ಇವರ ಆಟ ನಡೆಯುವುದು ಕಷ್ಟ.

ಪಕ್ಕದ ಮನೆಯ ನೇಕಾರ ದೊಡ್ಡವ್ವ ನನ್ನ ವಿವರಣೆಯನ್ನೆಲ್ಲ ಕೇಳಿ ಹೇಳಿದರು: "ನಮ್ಮ ಸೀರಿ ಗತಿನೂ ಹಂಗ ಐತಿ ನೋಡವಾ. ಕೈಮಗ್ಗದಾಗ ಒಡಲಿಗೂ ಸೆರಗಿಗೂ ಕೊಂಡಿ ಹಾಕ್ತೀವಿ. ಅದನ್ನ ಮಷೀನಿಗೆ ಒಯ್ದ್ರ ಕೊಂಡಿ ಬರಾಂಗಿಲ್ಲ. ಹೆಸರು ಅದ, ನೇಯ್ಗಿ ಬ್ಯಾರೆ." ಎಷ್ಟು ಸರಿಯಾದ ಮಾತು!

ಭಾಭಿಯ ಕೈಗೂ ಒಮ್ಮೆ ಆ ಗುಂಡಿಗಳ ಹಿಡಿಕೆ ಕೊಟ್ಟೆ. ಅವರ ಸಿಪಾಯಿ ಆಕಾಶ ನೋಡುತ್ತಾ ಗೋಡೆಗೆ ಹಾಯುತ್ತಿದ್ದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಅನಂತರ ಅಳಿಯನಿಗೆ ಒಂದು ಮಾತು ಹೇಳಿದೆ: "ಹೆಡ್‌ಫೋನ್ ತೆಗೆ, ಮಾತು ಟಿವಿಯಲ್ಲೇ ಕೇಳಲಿ." ಹತ್ತು ನಿಮಿಷದಲ್ಲಿ ಯಾವನೋ ಅಪರಿಚಿತ ಹೊಲಸು ಬೈಗುಳ ಶುರು ಮಾಡಿದ. ತಾಯಿಯ ಮುಂದೆ ಹುಡುಗನ ಮುಖ ಕೆಂಪಾಯಿತು. ಯಾರೂ ಹೇಳದೆ ಅವನೇ ಆ ಧ್ವನಿಯನ್ನು ಮುಚ್ಚಿದ. ಅಷ್ಟು ದಿನ ಅದು ಅವನ ಕಿವಿಯೊಳಗೇ ಇತ್ತು!

ರಾತ್ರಿ ಅಣ್ಣನಿಗೆ ಫೋನು ಮಾಡಿ ಚೆನ್ನಾಗಿ ಗದರಿಸಬೇಕೆಂದಿದ್ದೆ. ಅವನು ಮೆಲ್ಲಗೆ ಹೇಳಿದ: "ಫೋನಿನಲ್ಲಿ ‘ಊಟ ಆಯ್ತಾ, ಓದಿದೆಯಾ’ ಅಂದ ಮೇಲೆ ಅವನಿಗೂ ಮಾತಿಲ್ಲ, ನನಗೂ ಮಾತಿಲ್ಲ. ಇಲ್ಲಿ ನನ್ನ ರೂಮಿನವನ ಬಳಿ ಇಂಥದೇ ಪೆಟ್ಟಿಗೆ ಇದೆ. ರಜೆಯ ದಿನ ಒಂದು ತಾಸು ಜೊತೆಗೆ ಆಡಿದರೆ ಅವನಾಗಿಯೇ ಮಾತಾಡುತ್ತಾನೆ. ಭೌತಶಾಸ್ತ್ರದ ಕಿರುಪರೀಕ್ಷೆಯಲ್ಲಿ ಫೇಲಾದದ್ದನ್ನು ಮೊದಲು ಹೇಳಿದ್ದು ಅಲ್ಲೇ."

ಭಾಭಿಗೆ ಆ ಫೇಲಿನ ಸುದ್ದಿ ಗೊತ್ತೇ ಇರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, "ನನಗೆ ಹೇಳಲು ಹೆದರಿದನೇ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ತಾಯಿ ಮಗ ಕುಳಿತು ನಿಯಮ ಮಾಡಿದರು. ಈ ಪೆಟ್ಟಿಗೆಗಳಲ್ಲಿ ಮಕ್ಕಳ ಹೆಸರಿಗೆ ಬೇರೆ ಖಾತೆ ತೆರೆಯಬಹುದು. ದಿನಕ್ಕೆಷ್ಟು ಹೊತ್ತು ಆಡಬೇಕು, ಯಾವ ವಯಸ್ಸಿನ ಆಟ ತೆರೆಯಬೇಕು, ಯಾರೊಡನೆ ಮಾತಾಡಬಹುದು, ಹಣ ಖರ್ಚು ಮಾಡಬಹುದೇ ಎಂಬುದನ್ನೆಲ್ಲ ತಾಯಿಯೇ ನಿಗದಿ ಮಾಡಬಹುದು. ಯುರೋಪಿನ ವಯಸ್ಸಿನ ಗುರುತಿನಂತೆ ಪಬ್‌ಜಿ 16 ದಾಟಿದವರಿಗೆ. ಆದ್ದರಿಂದ ಚಿಕ್ಕವನು ಪಡಸಾಲೆಗೆ ಬಂದರೆ ಆಟ ಬಂದ್. ಓದಿನ ದಿನಗಳಲ್ಲಿ ಪೆಟ್ಟಿಗೆ ಮುಚ್ಚಿಯೇ ಇರುತ್ತದೆ. ಹೆಡ್‌ಫೋನ್ ಭಾಭಿಯ ಕಪಾಟಿನಲ್ಲಿ. ಅಪ್ಪನ ರಜೆಯ ದಿನದ ಒಂದು ತಾಸು ಮಾತ್ರ ಖಾಯಂ.

ಸಹೋದರಿಯರೇ, ಬಂದೂಕಿನ ಆಟ ನಮ್ಮ ಮನೆಗೆ ಬೇಡವೇ ಬೇಡ ಎನ್ನುವ ತಾಯಿಯ ಮಾತಿಗೂ ಬೆಲೆಯಿದೆ. ಆದರೆ ಬೇಡವೆಂದ ಮಾತ್ರಕ್ಕೆ ಆಟ ನಿಲ್ಲುವುದಿಲ್ಲ, ನಮ್ಮ ಕಣ್ಣಿಗೆ ಬೀಳದ ಕಡೆ ಹೋಗುತ್ತದೆ. ಅಂದು ಸೈಬರ್ ಕೆಫೆ, ಇಂದು ಹೊದಿಕೆಯೊಳಗಿನ ಫೋನು. ಕಂಪ್ಯೂಟರಿನ ಆಟವನ್ನು ಟಿವಿಗೆ ಹೊಂದಿಸುವ ಕೆಲಸವನ್ನು ಇಂಜಿನಿಯರುಗಳು ಮಾಡಿ ಮುಗಿಸಿದ್ದಾರೆ. ಅದನ್ನು ಮನೆಗೆ ಹೊಂದಿಸುವ ಕೆಲಸ ನಮಗೇ ಉಳಿದಿದೆ.

ಮೊನ್ನೆ ಭಾಭಿ ಫೋನಿನಲ್ಲಿ ಹೇಳಿದರು: "ರೊಟ್ಟಿ ಬಡಿಯುತ್ತಾ ಕೇಳಿಸಿಕೊಂಡೆ. ‘ಅಬ್ಬಾ, ನನ್ನ ಹಿಂದೆಯೇ ಬನ್ನಿ, ಆ ಕಡೆ ಹೋಗಬೇಡಿ’ ಅನ್ನುತ್ತಿದ್ದ. ಅದೇ ತಾಸಿನಲ್ಲಿ ಭೌತಶಾಸ್ತ್ರದ ಟ್ಯೂಷನ್ನೂ ಗೊತ್ತಾಯಿತು."

"ನಿಜವಾದ ಟ್ಯೂಷನ್ ತಾನೇ?" ಎಂದು ಕೇಳಿದೆ. ಇಬ್ಬರೂ ನಕ್ಕೆವು.