ಕಾಲ್ಗುಣ ಹುಡುಗನದ್ದಲ್ಲ, ಮನೆಯದ್ದು

ಹಾದಿ ತಪ್ಪಿದ ಮಗನಿಗೆ ಮದುವೆ ಮಾಡಿಬಿಟ್ರೆ ಸರಿಹೋಗ್ತಾನೆ ಅನ್ನೋ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿಯೋ, ಸೋತು ಸುಣ್ಣವಾದ ಫುಟ್‌ಬಾಲ್ ಟೀಮಿಗೆ ಕಾಲೇಜಿನಿಂದ ಒಬ್ಬ ಎಳೇ ಕ್ವಾರ್ಟರ್‌ಬ್ಯಾಕ್‌ನನ್ನು ತಂದುಬಿಟ್ರೆ ಸರಿಹೋಗುತ್ತೆ ಅನ್ನೋ ನಂಬಿಕೆ ಅಮೆರಿಕದಲ್ಲಿ ಅಷ್ಟೇ ಗಟ್ಟಿ. ಎರಡರ ಲೆಕ್ಕವೂ ಒಂದೇ. ಮನೆ ರಿಪೇರಿ ಮಾಡೋ ಕೆಲಸ ಮನೆಯವರದ್ದಲ್ಲ, ಹೊಸದಾಗಿ ಬಂದವರದ್ದು. ಸರಿಹೋದರೆ ಹಿರಿಯರ ಜಾಣತನ. ಸರಿಹೋಗದಿದ್ದರೆ ಬಂದವಳ ಕಾಲ್ಗುಣ ಚೆನ್ನಾಗಿಲ್ಲ.

ನಾನಿರೋದು ನಾರ್ತ್ ಕ್ಯಾರೊಲಿನಾದ ಶಾರ್ಲಟ್‌ನಲ್ಲಿ. ಬ್ಯಾಂಕುಗಳ ಊರು, ಆ ಬ್ಯಾಂಕುಗಳ ಸಾಫ್ಟ್‌ವೇರ್ ನೋಡಿಕೊಳ್ಳೋ ನಮ್ಮಂಥವರ ಊರು ಕೂಡ. ಇಲ್ಲಿನ ಟೀಮು ಕ್ಯಾರೊಲಿನಾ ಪ್ಯಾಂಥರ್ಸ್. ಏಪ್ರಿಲ್ ಬಂತೆಂದರೆ ಆಫೀಸಿನ ಪ್ಯಾಂಟ್ರಿಯಲ್ಲಿ ಡ್ರಾಫ್ಟ್ ಬಿಟ್ಟು ಬೇರೆ ಮಾತಿಲ್ಲ. 2025ರ ಡ್ರಾಫ್ಟ್ ಏಪ್ರಿಲ್ 24ಕ್ಕೆ ಗ್ರೀನ್ ಬೇಯಲ್ಲಿ ಶುರುವಾಯ್ತು. ಪ್ರತಿ ಡ್ರಾಫ್ಟ್ ರಾತ್ರಿ ಯಾರೋ ಒಬ್ಬ ಹುಡುಗ ಹೊಸ ಟೋಪಿ ಹಾಕಿಕೊಂಡು ವೇದಿಕೆ ಹತ್ತುತ್ತಾನೆ, ಒಂದು ಇಡೀ ಊರು ಅವನ ಹೆಗಲ ಮೇಲೆ ಕೂತುಕೊಳ್ಳುತ್ತೆ. ಅದಕ್ಕೆ ಮುಂಚೆ ಹೇಳಬೇಕಾದ್ದನ್ನು ಹೇಳಿಬಿಡ್ತೀನಿ: ಎಳೇ ಕ್ವಾರ್ಟರ್‌ಬ್ಯಾಕ್ ಯಾವ ಮುರುಕು ಟೀಮನ್ನೂ ಕಟ್ಟಿಲ್ಲ, ಕಟ್ಟೋದೂ ಇಲ್ಲ. ಕಟ್ಟುತ್ತಿರುವ ಮನೆಗೆ ಅವನು ಬಂದರೆ ದೀಪ ಹಚ್ಚುತ್ತಾನೆ. ಕುಸಿಯುತ್ತಿರುವ ಮನೆಗೆ ಬಂದರೆ ಅದರಡಿ ಸಿಕ್ಕಿಹಾಕಿಕೊಳ್ಳುತ್ತಾನೆ.

ಐಪಿಎಲ್ ಹರಾಜು ನೋಡಿದವರಿಗೆ ಡ್ರಾಫ್ಟ್ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಇಲ್ಲಿ ಬೆಲೆ ಕೂಗೋದಿಲ್ಲ. 32 ಟೀಮು, 7 ಸುತ್ತು. ಹಿಂದಿನ ಸೀಸನ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಸರದಿ. ಸರದಿಯನ್ನು ಮಾರಬಹುದು, ಕೊಳ್ಳಬಹುದು, ಮುಂದಿನ ವರ್ಷದ ಸರದಿಯನ್ನೂ ಇವತ್ತೇ ಕೊಟ್ಟುಬಿಡಬಹುದು. ಹುಡುಗನಿಗೆ ಮಾತ್ರ ಹೆಚ್ಚುಕಡಿಮೆ ಆಯ್ಕೆ ಇಲ್ಲ. ಯಾವ ಮನೆಯವರು ಹೆಸರು ಕರೀತಾರೋ ಆ ಮನೆಗೇ ಹೋಗಬೇಕು. ಅತ್ಯುತ್ತಮ ಹುಡುಗ ಅತ್ಯಂತ ಕೆಟ್ಟ ಮನೆಗೆ ಹೋಗೋದು ಈ ವ್ಯವಸ್ಥೆಯ ಆಕಸ್ಮಿಕ ಅಲ್ಲ, ನಿಯಮವೇ ಅದು.

ಕ್ವಾರ್ಟರ್‌ಬ್ಯಾಕ್ ಮೇಲೆ ಇಷ್ಟೊಂದು ಆಸೆ ಇಡೋದು ಪೂರ್ತಿ ಹುಚ್ಚುತನವೇನಲ್ಲ. ಟೀಮಿನ ಕೈಯಲ್ಲಿ ಚೆಂಡಿದ್ದಾಗ ಹೆಚ್ಚುಕಡಿಮೆ ಪ್ರತಿ ಸಲವೂ ಅದು ಮೊದಲು ಬರೋದು ಅವನ ಕೈಗೆ. ಎಲ್ಲಿಗೆ ಎಸೆಯಬೇಕು ಅಂತ ಎರಡೂವರೆ ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲಿ ನೂರಿಪ್ಪತ್ತು, ನೂರಮೂವತ್ತು ಕೆಜಿ ತೂಕದ ಎದುರಾಳಿಗಳು ಅವನ ಕಡೆ ನುಗ್ಗಿ ಬರ್ತಿರ್ತಾರೆ. ಅವರನ್ನು ತಡೆಯೋಕೆ ಅವನ ಮುಂದೆ ಐದು ಜನ ನಿಂತಿರ್ತಾರೆ. ಇದೇ ಆಫೆನ್ಸಿವ್ ಲೈನ್. ಈ ಗೋಡೆ ಒಡೆದು, ಚೆಂಡು ಎಸೆಯೋ ಮುಂಚೆಯೇ ಕ್ವಾರ್ಟರ್‌ಬ್ಯಾಕ್‌ನನ್ನು ನೆಲಕ್ಕೆ ಕೆಡವಿದರೆ ಅದು ‘ಸ್ಯಾಕ್’. ಈ ಒಂದು ಪದ ನೆನಪಿಟ್ಟುಕೊಳ್ಳಿ. ಮಿಕ್ಕ ಆಟ ಗೊತ್ತಿಲ್ಲದಿದ್ದರೂ ನನ್ನ ವಾದ ಅರ್ಥವಾಗುತ್ತೆ.

ಮಾಲೀಕರ ಆಸೆಗೆ ಇನ್ನೊಂದು ಕಾರಣ ಇದೆ, ದುಡ್ಡು. 2010ರಲ್ಲಿ ಮೊದಲು ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಸಿಕ್ಕಿದ್ದು ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ. 2011ರಲ್ಲಿ ನಿಯಮ ಬದಲಾಯ್ತು. ಆ ವರ್ಷ ಮೊದಲು ಆಯ್ಕೆಯಾಗಿ ನಮ್ಮ ಪ್ಯಾಂಥರ್ಸ್‌ಗೆ ಬಂದ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ 2.2 ಕೋಟಿ. ಅಂದರೆ ಟೀಮಿನ ಅತಿ ಮುಖ್ಯ ಆಟಗಾರ ನಾಲ್ಕು ವರ್ಷ ಅಗ್ಗದಲ್ಲಿ ಸಿಗ್ತಾನೆ. ಉಳಿದ ದುಡ್ಡಲ್ಲಿ ಮಿಕ್ಕವರನ್ನು ಕೊಳ್ಳಬಹುದು. ಕಾಗದದ ಮೇಲೆ ಲೆಕ್ಕ ಸರಿಯಾಗೇ ಇದೆ. ಆದರೆ ಉಳಿದ ದುಡ್ಡಿನಿಂದ ಮನೆ ಕಟ್ಟೋರು ಯಾರು?

ಈಗ ನಮ್ಮ ಊರಿನ ಕಥೆಗೆ ಬರೋಣ. 2022ರಲ್ಲಿ ಪ್ಯಾಂಥರ್ಸ್ 17 ಪಂದ್ಯಗಳಲ್ಲಿ 7 ಗೆದ್ದಿತ್ತು. ಸೀಸನ್ ಶುರುವಾಗಿ ಐದೇ ಪಂದ್ಯಕ್ಕೆ ಕೋಚ್ ಮ್ಯಾಟ್ ರೂಲ್ ಮನೆಗೆ ಹೋಗಿದ್ದರು. ತಾತ್ಕಾಲಿಕವಾಗಿ ಬಂದ ಸ್ಟೀವ್ ವಿಲ್ಕ್ಸ್ ಉಳಿದ 12ರಲ್ಲಿ 6 ಗೆಲ್ಲಿಸಿ ಟೀಮಿಗೆ ಜೀವ ಕೊಟ್ಟಿದ್ದರು. ಆದರೂ ಕೆಲಸ ಸಿಕ್ಕಿದ್ದು ಫ್ರಾಂಕ್ ರೈಕ್‌ಗೆ. 2023ರ ಮಾರ್ಚ್‌ನಲ್ಲಿ ಟೀಮು ಶಿಕಾಗೊ ಬೇರ್ಸ್ ಜೊತೆ ವ್ಯಾಪಾರಕ್ಕೆ ಕೂತಿತು. ಮೊದಲ ಸರದಿ ಒಂದಕ್ಕೆ ನಾವು ಕೊಟ್ಟಿದ್ದು: ಆ ವರ್ಷದ 9ನೇ ಮತ್ತು 61ನೇ ಸರದಿ, 2024ರ ಮೊದಲ ಸುತ್ತಿನ ಸರದಿ, 2025ರ ಎರಡನೇ ಸುತ್ತಿನ ಸರದಿ, ಇಷ್ಟರ ಮೇಲೆ ನಮ್ಮ ಅತ್ಯುತ್ತಮ ರಿಸೀವರ್ ಡಿ.ಜೆ. ಮೂರ್. ಗಮನಿಸಿ: ಚೆಂಡು ಎಸೆಯೋ ಹುಡುಗನನ್ನು ತರೋಕೆ ಚೆಂಡು ಹಿಡಿಯೋನನ್ನೇ ಕೊಟ್ಟುಬಿಟ್ಟೆವು. ಹೊಲ ಮಾರಿ ನೇಗಿಲು ಕೊಂಡ ಹಾಗೆ.

ಬಂದವನು ಬ್ರೈಸ್ ಯಂಗ್. ಅಲಬಾಮಾದಲ್ಲಿ ಹೈಸ್ಮನ್ ಟ್ರೋಫಿ ಗೆದ್ದ ಹುಡುಗ, ವಯಸ್ಸು 21. ಮೊದಲ ಸೀಸನ್‌ನಲ್ಲಿ 62 ಸಲ ಸ್ಯಾಕ್ ಆದ. ಅರವತ್ತೆರಡು ಸಲ ಒಬ್ಬ ಮನುಷ್ಯನನ್ನು ದೊಡ್ಡ ಆಳುಗಳು ಓಡಿ ಬಂದು ನೆಲಕ್ಕೆ ಅಪ್ಪಳಿಸಿದರು, ಸ್ವಾಮಿ. ಟೀಮು 17ರಲ್ಲಿ ಗೆದ್ದಿದ್ದು 2. ಹೊಸ ಕೋಚ್ ರೈಕ್ 11 ಪಂದ್ಯ ಮುಗಿಯುವಷ್ಟರಲ್ಲಿ ಕೆಲಸ ಕಳಕೊಂಡರು. ಎಲ್ಲರಿಗಿಂತ ಕೆಟ್ಟ ದಾಖಲೆ ನಮ್ಮದೇ ಆದ್ದರಿಂದ 2024ರ ಮೊದಲ ಸರದಿ ನಮಗೇ ಬರಬೇಕಿತ್ತು. ಅದನ್ನು ಆಗಲೇ ಕೊಟ್ಟಾಗಿತ್ತಲ್ಲ! ಶಿಕಾಗೊ ಅದೇ ಸರದಿಯಲ್ಲಿ ಕೇಲಬ್ ವಿಲಿಯಮ್ಸ್‌ನನ್ನು ಆರಿಸಿಕೊಂಡಿತು. ಏಳು ಗೆಲುವಿನ ಟೀಮು, ‘ಉದ್ಧಾರಕ’ ಬಂದ ಮೇಲೆ ಎರಡು ಗೆಲುವಿನ ಟೀಮಾಯ್ತು.

ಆಮೇಲೆ ಊರೆಲ್ಲ ಕಾಲ್ಗುಣದ ಮಾತು. ಹುಡುಗ ಗಿಡ್ಡ, ತೋಳಿನಲ್ಲಿ ಕಸುವಿಲ್ಲ, ಅವನ ಬದಲು ಸಿ.ಜೆ. ಸ್ಟ್ರೌಡ್‌ನನ್ನು ತರಬೇಕಿತ್ತು. ಇದನ್ನು ಕೇಳಿದಾಗಲೆಲ್ಲ ನನಗೆ ಅನ್ನಿಸೋದು ಒಂದೇ: ಈ ಮನೆಗೆ ಬಂದು ಹೋದ ಮಿಕ್ಕವರ ಕಥೆ ಮರೆತುಹೋಯ್ತಾ?

ಸ್ಯಾಮ್ ಡಾರ್ನಲ್ಡ್ 2018ರ ಡ್ರಾಫ್ಟಿನಲ್ಲಿ 3ನೆಯವನು. ನ್ಯೂಯಾರ್ಕ್ ಜೆಟ್ಸ್ ಕೈಬಿಟ್ಟ ಮೇಲೆ 2021ರಲ್ಲಿ ನಮ್ಮಲ್ಲಿಗೆ ಬಂದ. ಎರಡು ವರ್ಷ ಆಡಿದ, ಕೆಲಸಕ್ಕೆ ಬಾರದವನು ಅನ್ನಿಸಿಕೊಂಡು ಹೋದ. ಬೇಕರ್ ಮೇಫೀಲ್ಡ್ ಅದೇ ಡ್ರಾಫ್ಟಿನಲ್ಲಿ ಮೊದಲನೆಯವನು. ಕ್ಲೀವ್‌ಲ್ಯಾಂಡ್ ಕೈಬಿಟ್ಟ ಮೇಲೆ 2022ರಲ್ಲಿ ನಮ್ಮಲ್ಲಿಗೆ ಬಂದ. ಆ ಸೀಸನ್ ಮುಗಿಯೋಕೂ ಬಿಡದೆ ಕಳಿಸಿಬಿಟ್ಟರು. ಮುಂದೇನಾಯ್ತು? ಮೇಫೀಲ್ಡ್ ಟ್ಯಾಂಪಾ ಬೇಗೆ ಹೋಗಿ 2023ರಲ್ಲೂ 2024ರಲ್ಲೂ ನಮ್ಮದೇ ಡಿವಿಷನ್ ಗೆದ್ದ. ಡಾರ್ನಲ್ಡ್ 2024ರ ಸೀಸನ್‌ನಲ್ಲಿ ಮಿನೆಸೋಟ ಟೀಮಿಗೆ 17ರಲ್ಲಿ 14 ಗೆಲ್ಲಿಸಿಕೊಟ್ಟ. ತೋಳು ಅದೇ, ಕಾಲು ಅದೇ. ಬದಲಾಗಿದ್ದು ಮನೆ. ಒಂದೇ ಹೊಸಿಲು ದಾಟಿದ ಸೊಸೆಯರೆಲ್ಲ ಸೊರಗಿ, ಹೊರಗೆ ಹೋದವರೆಲ್ಲ ಮೈ ತುಂಬಿಕೊಂಡರೆ ಇನ್ನೂ ಜಾತಕ ನೋಡೋದಾ, ಅಡುಗೆಮನೆ ನೋಡೋದಾ?

ಬ್ರೈಸ್ ಯಂಗ್ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. 2024ರಲ್ಲಿ ಕೋಚ್ ಆಗಿ ಡೇವ್ ಕೆನಾಲಿಸ್ ಬಂದರು, ಹಿಂದಿನ ವರ್ಷ ಟ್ಯಾಂಪಾದಲ್ಲಿ ಮೇಫೀಲ್ಡ್ ಜೊತೆ ಕೆಲಸ ಮಾಡಿದವರೇ. ಟೀಮು ಕೊನೆಗೂ ಗೋಡೆಗೆ ದುಡ್ಡು ಹಾಕಿತು: ರಾಬರ್ಟ್ ಹಂಟ್, ಡೇಮಿಯನ್ ಲೂಯಿಸ್ ಅನ್ನೋ ಇಬ್ಬರು ಗಾರ್ಡ್‌ಗಳಿಗೆ ಒಟ್ಟು 15.3 ಕೋಟಿ ಡಾಲರ್ ಒಪ್ಪಂದ. ಎರಡು ಪಂದ್ಯ ಸೋತ ಕೂಡಲೇ ಹುಡುಗನನ್ನು ಬೆಂಚಿಗೆ ಕಳಿಸಿದ್ದೂ ನಿಜ. ಆದರೆ ತಿರುಗಿ ಬಂದ ಮೇಲೆ ಅವನ ಆಟ ಕುದುರಿತು. ಸೀಸನ್ನಿನ ಕೊನೇ ಪಂದ್ಯದಲ್ಲಿ ಅಟ್ಲಾಂಟಾವನ್ನು ಅವರ ನೆಲದಲ್ಲೇ 44-38ರಿಂದ ಸೋಲಿಸಿದರು. ಒಟ್ಟು ಗೆಲುವು ಐದೇ, ಹಬ್ಬ ಮಾಡುವಂಥದ್ದೇನಲ್ಲ. ಆದರೆ ಅದೇ ಹುಡುಗ ಮುಂದೆ ಗೋಡೆ ನಿಂತ ಮೇಲೆ ತಲೆ ಎತ್ತಿ ನೋಡೋದು ಕಲಿತ.

‘ಹಾಗಾದ್ರೆ ಸ್ಟ್ರೌಡ್? ಜೇಡನ್ ಡೇನಿಯಲ್ಸ್? ಅಷ್ಟೇಕೆ, ನಿಮ್ಮದೇ ನ್ಯೂಟನ್?’ ಅಂತ ಕೇಳ್ತೀರಿ. ಕೇಳಲೇಬೇಕು, ಇವು ಗಟ್ಟಿ ಉದಾಹರಣೆಗಳು. ಒಂದೊಂದೇ ನೋಡೋಣ.

ಸ್ಟ್ರೌಡ್ 2023ರಲ್ಲಿ ಹ್ಯೂಸ್ಟನ್‌ಗೆ ಹೋದ. ಹಿಂದಿನ ವರ್ಷ 3 ಗೆದ್ದಿದ್ದ ಟೀಮು 10 ಗೆದ್ದಿತು. ಆದರೆ ಅದೇ ವರ್ಷ ಅಲ್ಲಿಗೆ ಡೆಮಿಕೊ ರಯಾನ್ಸ್ ಎಂಬ ಒಳ್ಳೇ ಕೋಚ್ ಬಂದಿದ್ದರು. ಅದೇ ಡ್ರಾಫ್ಟಿನಲ್ಲಿ 3ನೆಯವನಾಗಿ ವಿಲ್ ಆಂಡರ್ಸನ್ ಅನ್ನೋ ಡಿಫೆಂಡರ್ ಬಂದಿದ್ದ. ಮರುವರ್ಷ, 2024ರಲ್ಲಿ, ಲೈನ್ ಕುಸಿಯಿತು. ಸ್ಟ್ರೌಡ್ 52 ಸಲ ನೆಲ ಕಚ್ಚಿದ. ಮೊದಲ ವರ್ಷ 5 ಇದ್ದ ಇಂಟರ್‌ಸೆಪ್ಶನ್ 12 ಆಯ್ತು. ಪ್ರತಿಭೆ ಒಂದೇ ವರ್ಷದಲ್ಲಿ ಆವಿಯಾಗಿ ಹೋಯ್ತಾ?

ನ್ಯೂಟನ್ 2011ರಲ್ಲಿ ಬಂದಾಗ ಪ್ಯಾಂಥರ್ಸ್ ಬೇರೆ ಮಾಲೀಕರ ಕೈಯಲ್ಲಿತ್ತು. ಜಾರ್ಡನ್ ಗ್ರಾಸ್, ರಯಾನ್ ಕ್ಯಾಲಿಲ್ ಥರದ ಪಳಗಿದ ಲೈನ್‌ಮನ್‌ಗಳಿದ್ದರು. ಹೊಸ ಕೋಚ್ ರಾನ್ ರಿವೇರಾ ಮೊದಲ ವರ್ಷ 6, ಎರಡನೇ ವರ್ಷ 7 ಗೆದ್ದರು. ಈಗಿನ ಲೆಕ್ಕದಲ್ಲಿ ಅಷ್ಟೊತ್ತಿಗೆ ಪೆಟ್ಟಿಗೆ ಕಟ್ಟಬೇಕಿತ್ತು. ಯಾರೂ ಕಳಿಸಲಿಲ್ಲ. ಮೂರನೇ ವರ್ಷ 12 ಗೆದ್ದರು. 2015ರಲ್ಲಿ 15 ಗೆದ್ದು ಸೂಪರ್ ಬೌಲ್‌ವರೆಗೆ ಹೋದರು.

ಎಲ್ಲಕ್ಕಿಂತ ಚೆನ್ನಾಗಿ ಪಾಠ ಹೇಳೋದು ವಾಷಿಂಗ್ಟನ್. 2012ರಲ್ಲಿ, ಡ್ಯಾನ್ ಸ್ನೈಡರ್ ಮಾಲೀಕತ್ವದಲ್ಲಿ, ಮುಂದಿನ ಎರಡು ವರ್ಷದ ಮೊದಲ ಸುತ್ತಿನ ಸರದಿಗಳನ್ನೂ ಸೇರಿಸಿ ಕೊಟ್ಟು ರಾಬರ್ಟ್ ಗ್ರಿಫಿನ್‌ನನ್ನು ತಂದರು. ಮೊದಲ ವರ್ಷವೇ 10 ಗೆಲುವು, ಡಿವಿಷನ್ ಪ್ರಶಸ್ತಿ, ಊರೆಲ್ಲ ಮೆರವಣಿಗೆ. 2013ರ ಜನವರಿಯ ಪ್ಲೇಆಫ್‌ನಲ್ಲಿ, ಮೊದಲೇ ನೋಯುತ್ತಿದ್ದ ಮಂಡಿಯಲ್ಲೇ ಆಡಿಸಿದರು, ಮಂಡಿ ಹೋಯ್ತು. ಮುಂದಿನ ಸೀಸನ್‌ನಲ್ಲಿ ಗೆದ್ದಿದ್ದು 3. ಅದೇ ಊರಿಗೆ 2024ರಲ್ಲಿ ಡೇನಿಯಲ್ಸ್ ಬಂದ. 4 ಗೆಲುವು 12 ಆಯ್ತು. ಈ ಎರಡರ ಮಧ್ಯೆ ಏನಾಗಿತ್ತು? ಮಾಲೀಕ ಬದಲಾಗಿದ್ದ, ಜನರಲ್ ಮ್ಯಾನೇಜರ್ ಬದಲಾಗಿದ್ದ, ಕೋಚ್ ಬದಲಾಗಿದ್ದ, ಅನುಭವಿ ಆಟಗಾರರನ್ನು ಕರೆತಂದಿದ್ದರು. ಡೇನಿಯಲ್ಸ್ ಅಸಾಧಾರಣ ಪ್ರತಿಭೆ, ಒಪ್ಪಿದೆ. ಗ್ರಿಫಿನ್ ಕೂಡ ಅಸಾಧಾರಣ ಪ್ರತಿಭೆಯೇ ಆಗಿದ್ದ.

ಹಾಗಾದ್ರೆ ಈ ನಂಬಿಕೆ ಯಾಕೆ ಸಾಯೋದಿಲ್ಲ? ಅದರಿಂದ ಲಾಭ ಇರೋರು ಇದ್ದಾರೆ, ಅದಕ್ಕೆ. ಡೇವಿಡ್ ಟೆಪ್ಪರ್ 2018ರಲ್ಲಿ ಸುಮಾರು 227 ಕೋಟಿ ಡಾಲರ್ ಕೊಟ್ಟು ಪ್ಯಾಂಥರ್ಸ್ ಕೊಂಡರು. ರಿವೇರಾ, ರೂಲ್, ರೈಕ್ ಮೂವರನ್ನೂ ಸೀಸನ್ ನಡುವೆಯೇ ಕಳಿಸಿದ್ದು ಅವರ ಕಾಲದಲ್ಲೇ. 2023ರ ಡಿಸೆಂಬರ್ ಕೊನೇ ದಿನ ಸೋಲಿನ ಸಿಟ್ಟಲ್ಲಿ ಪ್ರೇಕ್ಷಕನ ಮೇಲೆ ಪಾನೀಯ ಎರಚಿ 3 ಲಕ್ಷ ಡಾಲರ್ ದಂಡ ಕಟ್ಟಿದವರೂ ಅವರೇ. ಆಟ ಬಿಟ್ಟು ಮಾಲೀಕರ ಬಗ್ಗೆ ಯಾಕೆ ಮಾತು ಅಂತೀರಾ? 2024ರ ಜೂನ್‌ನಲ್ಲಿ ಅವರ ಟೀಮು ಆಡೋ ಸ್ಟೇಡಿಯಂ ನವೀಕರಣಕ್ಕೆ ನಮ್ಮ ಸಿಟಿ ಕೌನ್ಸಿಲ್ 65 ಕೋಟಿ ಡಾಲರ್ ಸಾರ್ವಜನಿಕ ಹಣ ಮಂಜೂರು ಮಾಡಿತು. ಹೋಟೆಲ್ ರೂಮು, ರೆಸ್ಟೋರೆಂಟ್ ಊಟದ ಮೇಲಿನ ತೆರಿಗೆಯ ದುಡ್ಡು ಅದು. ಭಾನುವಾರ ನಾನು ಹೊರಗೆ ತಿನ್ನೋ ಮಸಾಲೆ ದೋಸೆಯ ಬಿಲ್ಲಿನಲ್ಲೂ ಇರೋ ತೆರಿಗೆ. ಅಷ್ಟು ದುಡ್ಡು ಕೊಟ್ಟ ಊರು ಮಾಲೀಕನನ್ನು ಲೆಕ್ಕ ಕೇಳೋ ಬದಲು ಎಳೇ ಹುಡುಗನ ಎತ್ತರ ಅಳೀತಾ ಕೂತಿತ್ತು. ಇದಕ್ಕಿಂತ ಒಳ್ಳೇ ಗುರಾಣಿ ಎಲ್ಲಿ ಸಿಗುತ್ತೆ ಹೇಳಿ.

ಇದು ನಿಮಗೂ ಹೊಸದಲ್ಲ. ಕೋಡ್ ಕೊಳೆತು ನಾರುತ್ತಿರುವ ಪ್ರಾಜೆಕ್ಟಿಗೆ ದೊಡ್ಡ ಕಾಲೇಜಿನಿಂದ ಒಬ್ಬ ‘ರಾಕ್‌ಸ್ಟಾರ್’ನನ್ನು ತಂದು ಕೂರಿಸಿ, ಟೆಸ್ಟಿಂಗ್‌ಗೆ ಜನ ಕೊಡದೆ, ಆರು ತಿಂಗಳಿಗೊಬ್ಬ ಮ್ಯಾನೇಜರ್‌ನನ್ನು ಬದಲಾಯಿಸಿ, ಕೊನೆಗೆ ಅಪ್ರೈಸಲ್‌ನಲ್ಲಿ ಅವನಿಗೇ ಕಡಿಮೆ ರೇಟಿಂಗ್ ಕೊಡೋದನ್ನು ನೋಡಿದ್ದೀರಿ ತಾನೆ? ಅಲ್ಲಿ ಹೋಗೋದು ನಿದ್ದೆ, ಆತ್ಮವಿಶ್ವಾಸ. ಇಲ್ಲಿ ಮಂಡಿ, ಭುಜ, ತಲೆಯೂ ಹೋಗುತ್ತೆ. 2002ರಲ್ಲಿ ಹ್ಯೂಸ್ಟನ್‌ನ ಹೊಸ ಟೀಮಿಗೆ ಮೊದಲ ಆಯ್ಕೆಯಾಗಿ ಬಂದ ಡೇವಿಡ್ ಕಾರ್ ಒಂದೇ ಸೀಸನ್‌ನಲ್ಲಿ 76 ಸಲ ಸ್ಯಾಕ್ ಆದ. ಅದು ಇವತ್ತಿಗೂ ದಾಖಲೆ. ಅವನು ನಿಜಕ್ಕೂ ಎಂಥ ಆಟಗಾರನಾಗಬಹುದಿತ್ತು ಅಂತ ತಿಳಿಯೋಕೆ ಯಾರಿಗೂ ಅವಕಾಶವೇ ಸಿಗಲಿಲ್ಲ.

ಹಾಗಂತ ಸೋತ ಟೀಮು ಕ್ವಾರ್ಟರ್‌ಬ್ಯಾಕ್ ತರಲೇಬಾರದು ಅಂತ ನಾನು ಹೇಳ್ತಿಲ್ಲ. ತರಲಿ. ಅವನಿಲ್ಲದೆ ಕೊನೆಗೆ ಯಾರೂ ಗೆಲ್ಲೋದಿಲ್ಲ. ಆದರೆ ತರೋರಿಗೆ ಮೂರು ಪ್ರಶ್ನೆ. ಅವನ ಮುಂದೆ ನಿಲ್ಲೋ ಐದು ಜನ ಯಾರು? ಅವನಿಗೆ ಆಟ ಕಲಿಸೋ ಕೋಚ್‌ಗೆ ಮೂರು ವರ್ಷದ ಭರವಸೆ ಇದೆಯಾ? ಅವನನ್ನು ಕೊಳ್ಳೋಕೆ ಮುಂದಿನ ವರ್ಷದ ಇಟ್ಟಿಗೆ ಸಿಮೆಂಟನ್ನೂ ಮಾರಿಕೊಂಡಿದ್ದೀರಾ? ಇದಕ್ಕೆ ಉತ್ತರ ಇಲ್ಲದವರು ಮೊದಲ ಸರದಿಯನ್ನು ಮಾರಿ, ಬಂದಿದ್ದರಲ್ಲಿ ಲೈನ್ ಕಟ್ಟಲಿ. ಹುಡುಗ ಒಂದು ವರ್ಷ ತಡವಾಗಿ ಬರಲಿ. 2017ರಲ್ಲಿ ಕ್ಯಾನ್ಸಸ್ ಸಿಟಿಗೆ ಬಂದ ಪ್ಯಾಟ್ರಿಕ್ ಮಹೋಮ್ಸ್ ಮೊದಲ ಸೀಸನ್‌ನಲ್ಲಿ ಆಡಿದ್ದು ಒಂದೇ ಪಂದ್ಯ. ಹಿಂದಿನ ವರ್ಷವೇ 12 ಗೆದ್ದಿದ್ದ ಮನೆ ಅದು, ಅವಸರ ಇರಲಿಲ್ಲ.

2025ರಲ್ಲಿ ಮೊದಲ ಸರದಿ ಟೆನ್ನೆಸೀ ಟೈಟನ್ಸ್‌ದಾಗಿತ್ತು. 2024ರ ಸೀಸನ್‌ನಲ್ಲಿ 17ರಲ್ಲಿ 3 ಗೆಲುವು. 2024ರ ಜನವರಿಯಲ್ಲಿ ಕೋಚ್‌ನನ್ನು ಕಳಿಸಿದರು, 2025ರ ಜನವರಿಯಲ್ಲಿ ಜನರಲ್ ಮ್ಯಾನೇಜರ್‌ನನ್ನು. ಆ ಡ್ರಾಫ್ಟಿಗೆ ಎರಡು ವರ್ಷ ಮುಂಚೆಯಷ್ಟೇ ವಿಲ್ ಲೆವಿಸ್ ಅನ್ನೋ ಎಳೇ ಕ್ವಾರ್ಟರ್‌ಬ್ಯಾಕ್ ಇದೇ ಮನೆಗೆ ಇದೇ ಹಾರ ಹಾಕಿಸಿಕೊಂಡು ಬಂದಿದ್ದ. ಅಂಥ ಮನೆಗೆ ಹೋಗೋ ಹುಡುಗ ಯಾರೇ ಆಗಲಿ, ಡಿಸೆಂಬರ್‌ನಲ್ಲಿ ಅವನ ಹೆಸರು ಬಯ್ಯೋ ಮುಂಚೆ ಅವನು ಎಷ್ಟು ಸಲ ನೆಲಕ್ಕೆ ಬಿದ್ದ ಅಂತ ಎಣಿಸಿ. ಯಾರ ಕಾಲ್ಗುಣ ಅನ್ನೋದನ್ನು ಆಮೇಲೆ ಮಾತಾಡೋಣ.