ಮಳೆಗಾಲದಲ್ಲಿ ಹುಲ್ಲಿನ ಗೊಬ್ಬರ ಬಂದ್: ಬೀಗ ಬಿದ್ದಿದ್ದು ಮನೆಗಲ್ಲ, ಅಂಗಡಿ ಕೌಂಟರ್‌ಗೆ

ಜೂನ್ ಬಂತೆಂದರೆ ನಮ್ಮಲ್ಲಿ ಗೊಬ್ಬರದ ಅಂಗಡಿ ಮುಂದೆ ಕ್ಯೂ. ಅಮೆರಿಕದ ಫ್ಲೋರಿಡಾ ರಾಜ್ಯದ ಪಿನೆಲ್ಲಾಸ್ ಕೌಂಟಿಯಲ್ಲಿ ಜೂನ್ 1ಕ್ಕೆ ಇದರ ಉಲ್ಟಾ. ಮನೆ ಮುಂದಿನ ಹುಲ್ಲಿಗೆ ಹಾಕುವ ಸಾರಜನಕ, ರಂಜಕದ ಗೊಬ್ಬರವನ್ನು ಸೆಪ್ಟೆಂಬರ್ 30ರವರೆಗೆ ಯಾರೂ ಹಾಕುವಂತಿಲ್ಲ, ಅಂಗಡಿಯವರು ಮಾರುವಂತೆಯೂ ಇಲ್ಲ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಹೊಲಕ್ಕೆ, ತರಕಾರಿ ಮಡಿಗೆ ವಿನಾಯಿತಿ ಇದೆ.

ಕಾರಣ ಸರಳ. ಆ ನಾಲ್ಕು ತಿಂಗಳು ಅಲ್ಲಿ ಜೋರು ಮಳೆ. ಹುಲ್ಲು ಹೀರಿಕೊಳ್ಳುವ ಮೊದಲೇ ಗೊಬ್ಬರ ಚರಂಡಿ ಸೇರಿ, ಅಲ್ಲಿಂದ ಟ್ಯಾಂಪಾ ಕೊಲ್ಲಿಗೆ ಹೋಗುತ್ತದೆ. ನೀರಲ್ಲಿ ಪಾಚಿ ಹೆಚ್ಚುತ್ತದೆ, ತಳಕ್ಕೆ ಬೆಳಕು ಇಳಿಯಲ್ಲ, ಮೀನು ಮರಿಗಳಿಗೆ ಆಸರೆಯಾದ ಕಡಲಹುಲ್ಲು ಸಾಯುತ್ತದೆ.

ಹಾಕಬೇಡಿ ಅಂತ ಮಾತ್ರ ಹೇಳಿದ್ದರೆ ಈ ನಿಯಮ ಕಾಗದದಲ್ಲೇ ಉಳಿಯುತ್ತಿತ್ತು. ಯಾರ ಅಂಗಳದಲ್ಲಿ ಯಾರು ಏನು ಚೆಲ್ಲಿದರು ಅಂತ ಮನೆ ಮನೆಗೆ ಹೋಗಿ ನೋಡುವವರು ಯಾರು? ಅಂಗಡಿಗಳನ್ನಾದರೆ ಎಣಿಸಬಹುದು. 2010ರಲ್ಲಿ ನಿಯಮ ಬಂತು, 2011ರಿಂದ ಮಾರಾಟಕ್ಕೂ ತಡೆ ಬಿತ್ತು. ವ್ಯಾಪಾರ ಪೂರ್ತಿ ನಿಂತಿಲ್ಲ, ಪೊಟ್ಯಾಷ್ ಮತ್ತು ಕಬ್ಬಿಣದ ಅಂಶದ ಚೀಲಗಳನ್ನು ಮಳೆಗಾಲದಲ್ಲೂ ಮಾರಬಹುದು.

ಗೊಬ್ಬರ ಕಂಪನಿಗಳು ಸುಮ್ಮನಿರಲಿಲ್ಲ. ಮಾರಾಟ ನಿಯಂತ್ರಣದ ಅಧಿಕಾರವನ್ನು ರಾಜ್ಯ ತನ್ನ ಕೈಗೇ ತೆಗೆದುಕೊಂಡಿತು. ಪಿನೆಲ್ಲಾಸ್‌ನಂಥ ಹಳೇ ನಿಯಮಗಳಷ್ಟೇ ಬಚಾವಾದವು. 2023ರಲ್ಲಂತೂ ಸ್ಥಳೀಯ ಸಂಸ್ಥೆಗಳು ಹೊಸ ಗೊಬ್ಬರ ನಿಯಮ ತರುವುದಕ್ಕೇ ಒಂದು ವರ್ಷ ತಡೆ ಹಾಕಿದರು. ಊರಿನ ನೀರು ಹಾಳಾದರೆ ಬೈಸಿಕೊಳ್ಳೋದು ಊರಿನವರು, ತೀರ್ಮಾನ ಮಾತ್ರ ರಾಜಧಾನಿಯದ್ದು. ಇದು ಅಮೆರಿಕಕ್ಕೆ ಮಾತ್ರ ಸೀಮಿತ ಅಲ್ಲ ಬಿಡಿ.

ನಿಯಮದಿಂದ ಕೊಲ್ಲಿ ಉಳಿಯಿತಾ? ಅಷ್ಟು ಸುಲಭಕ್ಕೆ ಹೌದು ಅನ್ನಲಾಗದು. 2016ರಲ್ಲಿ 41 ಸಾವಿರ ಎಕರೆ ದಾಟಿದ್ದ ಕಡಲಹುಲ್ಲು 2022ಕ್ಕೆ 30 ಸಾವಿರ ಎಕರೆಯ ಆಸುಪಾಸಿಗೆ ಇಳಿಯಿತು. ಮಧ್ಯೆ 2021ರಲ್ಲಿ ಪೈನಿ ಪಾಯಿಂಟ್‌ನ ಮುಚ್ಚಿದ ಗೊಬ್ಬರ ಕಾರ್ಖಾನೆಯ ಹೊಂಡದಿಂದ ಸುಮಾರು 81 ಕೋಟಿ ಲೀಟರ್ ಕೊಳಕು ನೀರನ್ನು ಇದೇ ಕೊಲ್ಲಿಗೆ ಬಿಟ್ಟರು. ಹೊಂಡದ ಕಟ್ಟೆ ಒಡೆದೀತೆಂಬ ಭಯಕ್ಕೆ ಹಾಗೆ ಬಿಟ್ಟಿದ್ದು. ಅಂಗಳದಲ್ಲಿ ಹಿಡಿ ಗೊಬ್ಬರ ಉಳಿಸಿದ ಮನೆಯವರಿಗೆ ಆಗ ಏನನ್ನಿಸಿರಬೇಡ!

ನಮ್ಮಲ್ಲಿ ಈ ನಿಯಮವನ್ನು ಹಾಗೇ ತರಲಾಗದು. ಇಲ್ಲಿ ಗೊಬ್ಬರ ಅಲಂಕಾರದ ಹುಲ್ಲಿಗಲ್ಲ, ಹೊಟ್ಟೆಗೆ ಹಾಕುವ ಬೆಳೆಗೆ. ಬಂದ್ ಮಾಡಿ ಅಂದರೆ ರೈತ ಬೀದಿಗಿಳಿಯುತ್ತಾನೆ, ಅದು ನ್ಯಾಯವೂ ಹೌದು. ಆದರೆ ತೊಂದರೆ ಮಾತ್ರ ಅದೇ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿ ಪ್ರಕಾರ ಕರ್ನಾಟಕದಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಶೇ. 48.99ರಲ್ಲಿ ನೈಟ್ರೇಟ್ ಮಿತಿ ಮೀರಿದೆ. ಮಿತಿ ಲೀಟರಿಗೆ 45 ಮಿಲಿಗ್ರಾಂ. ಯೂರಿಯಾ ಒಂದೇ ಕಾರಣವಲ್ಲ, ಶೌಚದ ಗುಂಡಿ, ತಿಪ್ಪೆ, ಚರಂಡಿ ನೀರೂ ಸೇರಿವೆ.

ಕೌಂಟರ್‌ನಲ್ಲಿ ಲೆಕ್ಕ ಇಡುವ ವ್ಯವಸ್ಥೆ ನಮ್ಮಲ್ಲಿ ಆಗಲೇ ಇದೆ. ಸಬ್ಸಿಡಿ ಗೊಬ್ಬರ ಬೇಕಾದರೆ ಪಿಒಎಸ್ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು. 266 ರೂಪಾಯಿ 50 ಪೈಸೆಯ 45 ಕೆಜಿ ಯೂರಿಯಾ ಚೀಲ ಯಾರಿಗೆ ಹೋಯಿತು ಅನ್ನೋದು ಅದರಲ್ಲಿ ದಾಖಲಾಗುತ್ತದೆ. ಆ ಲೆಕ್ಕ ಸಬ್ಸಿಡಿಗಾಗಿ. ಯಾವ ಊರಿಗೆ ಹೆಚ್ಚು ಚೀಲ ಹೋಗಿದೆಯೋ ಆ ಊರಿನ ಬೋರ್‌ವೆಲ್ ನೀರಿನ ವರದಿಯನ್ನು ಅದರ ಪಕ್ಕ ಇಟ್ಟು ನೋಡಿದರೆ ಅಂಗಡಿಯವರ ವ್ಯಾಪಾರಕ್ಕೇನೂ ಧಕ್ಕೆ ಇಲ್ಲ. ಕೃಷಿ ಇಲಾಖೆ ಮತ್ತು ಕುಡಿಯುವ ನೀರಿನ ಇಲಾಖೆ ಒಂದೇ ಟೇಬಲ್ಲಿಗೆ ಬರಬೇಕಷ್ಟೆ.

ಅಲ್ಲಿಯವರೆಗೆ ಮನೆಯವರು ಒಂದು ವಿಷಯ ತಿಳಿದಿರಲಿ: ನೀರು ಕುದಿಸಿದರೆ ನೈಟ್ರೇಟ್ ಹೋಗಲ್ಲ. ಬಾಟಲಿ ಹಾಲು ಕುಡಿಯುವ ಹಸುಗೂಸಿಗೆ ಇದು ಹೆಚ್ಚು ಅಪಾಯ. ಗ್ರಾಮೀಣ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಸಾರ್ವಜನಿಕರೂ ನೀರು ಪರೀಕ್ಷೆ ಮಾಡಿಸಬಹುದು.