ಬಾಯಿಗೆ ಬೀಗ, ಅಂಗಡಿ ಮುಂದೆ ಮಾಲೆ

"ತಂಬಾಕ ಇಲ್ಲೋ ತಮ್ಮಾ, ಬರೇ ಅಡಿಕಿ."

ವಿಜಯಪುರದ ಗಾಂಧಿಚೌಕದಿಂದ ಹಿಡಿದು ತಿಕೋಟಾ, ಬಬಲೇಶ್ವರದ ಬಸ್ ನಿಲ್ದಾಣದವರೆಗೆ ಪಾನ್ ಅಂಗಡಿಗಳ ಮುಂದೆ ದಿನಾ ಕೇಳಿಬರುವ ಮಾತಿದು. ಮಾರುವವನಿಗೂ ಸಮಾಧಾನ, ಕೊಳ್ಳುವವನಿಗೂ ಸಮಾಧಾನ. ತಂಬಾಕು ಇಲ್ಲವೆಂದ ಮೇಲೆ ಭಯ ಯಾತರದು? ಬಣ್ಣದ ಪಾಕೀಟು ಹರಿದು ಬಾಯಿಗೆ ಸುರುವಿಕೊಂಡು ಬಸ್ ಹತ್ತಿದರೆ ಆಯಿತು!

ಆದರೆ ವೈದ್ಯವಿಜ್ಞಾನ ಹೇಳುವುದೇ ಬೇರೆ. ಬಾಯಿಗೆ ಬೀಗ ಬೀಳುವ ಒಂದು ರೋಗವಿದೆ. ಅದಕ್ಕೆ ತಂಬಾಕು ಬೇಕೇ ಇಲ್ಲ, ಬರೇ ಅಡಿಕೆ ಸಾಕು.

ಡಾಕ್ಟರರು ಇದನ್ನು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಫೈಬ್ರೋಸಿಸ್ ಅಂದರೆ ನಾರುಗಟ್ಟುವುದು. ಕೆನ್ನೆಯ ಒಳಚರ್ಮದ ಕೆಳಗೆ ನಾರು ಬೆಳೆದು ಹಗ್ಗದ ಹಾಗೆ ಬಿಗಿಯುತ್ತದೆ. ಮೊದಲು ಖಾರ ತಡೆಯುವುದಿಲ್ಲ, ಬಾಯಿ ಉರಿಯುತ್ತದೆ. ಕೆನ್ನೆಯ ಒಳಭಾಗ ಬಿಳಿಚಿಕೊಳ್ಳುತ್ತದೆ. ನಾಲಿಗೆ ಹೊರಗೆ ಚಾಚಲು, ಸೀಟಿ ಊದಲು ತ್ರಾಸಾಗುತ್ತದೆ. ಕಡೆಗೆ ಕಟಕ್ ರೊಟ್ಟಿ ಕಡಿಯುವ ಗಂಡಾಳು ಅನ್ನ ಕಲಸಿ ಒಂದೊಂದೇ ತುತ್ತು ತುರುಕಿಕೊಳ್ಳಬೇಕಾಗುತ್ತದೆ.

ಇದು ಹೊಸ ರೋಗವಲ್ಲ. 1952ರಲ್ಲಿ ಕೀನ್ಯಾದಲ್ಲಿದ್ದ ಭಾರತೀಯ ಹೆಂಗಸರಲ್ಲಿ ಇದನ್ನು ಕಂಡು ಶ್ವಾರ್ಟ್ಸ್ ಎಂಬ ವೈದ್ಯರು ವರದಿ ಮಾಡಿದರು. ಮರುವರ್ಷ ಮುಂಬಯಿಯ ಡಾ. ಜೋಶಿ ನಮ್ಮ ದೇಶದಲ್ಲೇ ಇದನ್ನು ಗುರುತಿಸಿದರು. ಆಗ ಸಂಶಯ ಬಿದ್ದದ್ದು ಮೆಣಸಿನಕಾಯಿ ಮೇಲೆ. ಮುಂಬಯಿಯ ಕ್ಯಾನ್ಸರ್ ಸಂಶೋಧನಾ ಕೇಂದ್ರದ ವಿಜ್ಞಾನಿ ಸತ್ಯವತಿ ಸಿರ್ಸಾಟ್ ಮತ್ತು ಡಾ. ಖಾನೋಲ್ಕರ್ ಪ್ರಯೋಗಶಾಲೆಯ ಇಲಿಗಳ ಅಂಗುಳಕ್ಕೆ ಮೆಣಸಿನಕಾಯಿಯ ಖಾರದ ಸತ್ವ ಸವರಿ ಪರೀಕ್ಷಿಸಿದರು. ಆ ವರದಿ 1960ರಲ್ಲಿ ಬಂತು. 1962ರಲ್ಲಿ ಅಡಿಕೆಯ ಸತ್ವವಾದ ಅರೆಕೋಲಿನ್ ಹಚ್ಚಿ ನೋಡಿದ ವರದಿ ಬಂತು. 1966ರಲ್ಲಿ ಸಿರ್ಸಾಟ್ ಮತ್ತು ಡೆನ್ಮಾರ್ಕಿನ ಪಿಂಡ್‌ಬೋರ್ಗ್ ಬರೆದ ಲೇಖನವನ್ನು ಇಂದಿಗೂ ಈ ರೋಗದ ವೈದ್ಯರು ಉಲ್ಲೇಖಿಸುತ್ತಾರೆ.

ಮುಂದಿನ ದಶಕಗಳ ಸಂಶೋಧನೆ ಬೆರಳು ಮಾಡಿದ್ದು ಅಡಿಕೆಯ ಕಡೆಗೇ. ನಮ್ಮ ಮಂದಿ ಮಾತ್ರ ಇನ್ನೂ ಖಾರವನ್ನೇ ಬೈಯುತ್ತಾರೆ! "ರಂಜಕ ಹಚ್ಚಿಕೊಂಡ್ರ ಬಾಯಿ ಸುಡತೈತಿ, ಖಾರ ಕಡಿಮಿ ಮಾಡು" ಎಂದು ಮನೆಯಲ್ಲಿ ತಕರಾರು. ಖಾರ ಅಲ್ಲಿ ಸಾಕ್ಷಿ, ಕಳ್ಳ ಕಿಸೆಯೊಳಗಿದ್ದಾನೆ.

ಒಳಗೆ ನಡೆಯುವುದೇನು? ಗಾಯವಾದಲ್ಲಿಗೆ ರಕ್ತದೊಳಗಿನ ರಕ್ಷಣಾ ಕಣಗಳು ಓಡಿ ಬರುತ್ತವೆ. ಹೊಲಸು ತೆಗೆಯುವುದು ಅವುಗಳ ಒಂದು ಕೆಲಸ. ದುರಸ್ತಿಗೆ ಆಳು ಕರೆಯುವುದು ಇನ್ನೊಂದು. ಅವು ಹೊರಡಿಸುವ ಟಿಜಿಎಫ್-ಬೀಟಾ ಎಂಬ ಸಂದೇಶ ಸಿಕ್ಕೊಡನೆ ಫೈಬ್ರೋಬ್ಲಾಸ್ಟ್ ಎಂಬ ಕಣಗಳು ಗೌಂಡಿಯ ಹಾಗೆ ನಾರಿನ ಗಿಲಾವು ಬಳಿಯುತ್ತವೆ. ಗಾಯ ಮಾಯ್ದ ಮೇಲೆ ಗೌಂಡಿ ಮನೆಗೆ ಹೋಗಬೇಕು. ಆದರೆ ದಿನಕ್ಕೆ ಹತ್ತು ಪಾಕೀಟು ಜಗಿದರೆ ಗಾಯ ಮಾಯುವುದು ಯಾವಾಗ? ಗೋಡೆಗೆ ದಿನಾ ಸುತ್ತಿಗೆ ಏಟು, ದಿನಾ ಗಿಲಾವು. ಸಾಲದ್ದಕ್ಕೆ ಅಡಿಕೆಯೊಳಗಿನ ತಾಮ್ರದ ಅಂಶ ಆ ನಾರುಗಳನ್ನು ಒಂದಕ್ಕೊಂದು ಹೊಲಿದು ಬಿಗಿಮಾಡಲು ನೆರವಾಗುತ್ತದೆ. ಗಿಲಾವು ದಪ್ಪಾಗಿ ದಪ್ಪಾಗಿ ಒಂದು ದಿನ ಬಾಗಿಲೇ ತೆರೆಯುವುದಿಲ್ಲ. ಸೆರೆ ಕುಡಿದು ಯಕೃತ್ತು ಕಲ್ಲಾಗುವುದೂ, ಕಲ್ಲಿನ ಪುಡಿ ಕುಡಿದ ಕಾರ್ಮಿಕರ ಶ್ವಾಸಕೋಶ ಬಿರುಸಾಗುವುದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ.

ರಕ್ಷಣಾ ಪಡೆಗೆ ಲಗಾಮು ಹಾಕುವ ಕಣಗಳನ್ನು ಪತ್ತೆಮಾಡಿದ ಮೂವರಿಗೆ 2025ರ ನೊಬೆಲ್ ಬಂದಿದೆ. ವಿಜ್ಞಾನ ಅಷ್ಟು ದೂರ ಹೋಗಿದೆ. ಆದರೂ ಕೆನ್ನೆಯಲ್ಲಿ ಒಮ್ಮೆ ಗಟ್ಟಿಯಾದ ನಾರನ್ನು ಪೂರ್ತಿ ಕರಗಿಸುವ ಔಷಧ ಇನ್ನೂ ಬಂದಿಲ್ಲ. ಇಂಜೆಕ್ಷನ್ ಇದೆ, ಬಾಯಿಯ ವ್ಯಾಯಾಮ ಇದೆ, ನಾರು ಕತ್ತರಿಸುವ ಆಪರೇಶನ್ ಇದೆ. ಚಟ ಬಿಡದಿದ್ದರೆ ಎಲ್ಲವೂ ನೀರಿನಲ್ಲಿ ಹೋಮ.

ಬಾಯಿ ಬಿಗಿಯುವುದಕ್ಕೇ ಇದು ನಿಲ್ಲುವುದಿಲ್ಲ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ರೋಗಿಗಳನ್ನು 17 ವರ್ಷ ಗಮನಿಸಿ 1985ರಲ್ಲಿ ಕೊಟ್ಟ ವರದಿಯಂತೆ ನೂರಕ್ಕೆ 7.6ರಷ್ಟು ಮಂದಿಗೆ ಬಾಯಿ ಕ್ಯಾನ್ಸರ್ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ಪ್ರಕಟಿಸಿತು. 2022ರಲ್ಲಿ ಜಗತ್ತಿನಲ್ಲಿ ಜಗಿಯುವ ತಂಬಾಕು ಮತ್ತು ಅಡಿಕೆಯಿಂದ ಸುಮಾರು 1,20,200 ಮಂದಿಗೆ ಬಾಯಿ ಕ್ಯಾನ್ಸರ್ ಬಂತೆಂದೂ, ಅವರಲ್ಲಿ 83,400 ಮಂದಿ ಭಾರತದವರೆಂದೂ ಅದೇ ಸಂಸ್ಥೆಯ ಅಂದಾಜು.

ಕಾನೂನು ಏನು ಮಾಡುತ್ತಿದೆ? ಅಡಿಕೆ, ತಂಬಾಕು ಬೆರೆಸಿದ ಗುಟ್ಕಾವನ್ನು ಕರ್ನಾಟಕ 2013ರ ಮೇ ತಿಂಗಳಲ್ಲಿ ನಿಷೇಧಿಸಿತು. ಕಂಪನಿಗಳು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವು. ಪಾನ್ ಮಸಾಲೆ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ಬಿತ್ತು. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆ 21 ವರ್ಷದೊಳಗಿನವರಿಗೆ ತಂಬಾಕು ಮಾರಬಾರದೆನ್ನುತ್ತದೆ. ಒಳ್ಳೆಯದೇ. ಆದರೆ ಅದರ ಕಣ್ಣು ತಂಬಾಕಿನ ಮೇಲೆ. ಬರೇ ಅಡಿಕೆಯ ಪಾಕೀಟನ್ನು ಎಂಟನೇ ಇಯತ್ತೆಯ ಹುಡುಗ ಕೇಳಿದರೂ ಕೈ ತಡೆಯುವವರಿಲ್ಲ! ಗಡಿಯಾಚೆಯ ಮಹಾರಾಷ್ಟ್ರ 2012ರಲ್ಲೇ ಗುಟ್ಕಾದ ಜೊತೆ ಪಾನ್ ಮಸಾಲೆಗೂ ನಿಷೇಧ ಹಾಕಿತು. ಆ ನಿಷೇಧ ಎಷ್ಟು ಪಾಲನೆಯಾಗಿದೆ ಎಂಬುದು ಬೇರೆ ಮಾತು. ಅಡಿಕೆಯೂ ಅಪರಾಧಿ ಎಂದು ಆ ಸರ್ಕಾರ ಒಪ್ಪಿತಲ್ಲ, ಅಷ್ಟಾದರೂ ನಮ್ಮಲ್ಲಿ ಆಗಬೇಡವೇ?

ಅಡಿಕೆ ಬೆಳೆಯುವುದರಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು, ಮಲೆನಾಡಿನ ರೈತನ ಗತಿ ಏನೆಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ಸರಿಯಾದದ್ದೇ. ಎಲೆ-ಅಡಿಕೆ ನಮ್ಮಲ್ಲಿ ಮಾನದ ವಸ್ತು ಎಂಬುದೂ ಖರೆ. ಆದರೆ ಮದುವೆಯಲ್ಲಿ ಹಾಕುವ ಒಂದು ತಾಂಬೂಲ ಬೇರೆ, ಬೆಳಗಿನಿಂದ ಸಂಜೆತನಕ ಕೆನ್ನೆಯಲ್ಲಿಟ್ಟುಕೊಳ್ಳುವ ಒಣಪುಡಿ ಬೇರೆ. ಎಲೆ-ಅಡಿಕೆ ಹಾಕುವವರಿಗಿಂತ ಪಾಕೀಟಿನ ಪುಡಿ ತಿನ್ನುವವರಲ್ಲಿ ಈ ರೋಗ ಬೇಗ ಕಾಣಿಸುತ್ತದೆಂದು ದೇಶದ ದಂತವೈದ್ಯರ ಅಧ್ಯಯನಗಳೇ ತೋರಿಸಿವೆ. ರೈತನ ಹೊಟ್ಟೆ ತುಂಬಿಸುವ ಭಾರವನ್ನು ಹುಡುಗರ ಕೆನ್ನೆಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಅಂಗಡಿಕಾರರ ಕಷ್ಟವೂ ಸಣ್ಣದಲ್ಲ. ಚಹಾ, ಬಿಸ್ಕೀಟು ಮಾರಿ ಬಾಡಿಗೆ ಹುಟ್ಟುವುದಿಲ್ಲ, ಪಾಕೀಟಿನ ಗಿರಾಕಿ ಬಿಟ್ಟರೆ ಮಗ್ಗುಲಿನ ಅಂಗಡಿಗೆ ಹೋಗುತ್ತಾನೆ. ಅದಕ್ಕೇ ಒಬ್ಬರಿಂದ ಆಗುವ ಕೆಲಸ ಇದಲ್ಲ. ಪೇಟೆಯವರೆಲ್ಲ ಕೂಡಿ ಒಂದು ನಿಯಮ ಮಾಡಿಕೊಂಡರೆ ಯಾರಿಗೂ ಲುಕ್ಸಾನಿಲ್ಲ. ಮಕ್ಕಳ ಕೈಗೆ ನಿಲುಕುವಂತೆ ತೂಗುವ ಪಾಕೀಟಿನ ಮಾಲೆ ಒಳಗೆ ಹೋಗಲಿ. ಶಾಲೆ ಹುಡುಗರಿಗೆ ಬರೇ ಅಡಿಕೆಯ ಪಾಕೀಟೂ ಇಲ್ಲವೆಂದು ಫಲಕ ಬೀಳಲಿ.

ಸಂಬಂಧಪಟ್ಟವರೂ ಕೈಕಟ್ಟಿ ಕೂಡಬಾರದು. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜುಗಳಿವೆ, ದಂತವೈದ್ಯ ಕಾಲೇಜೂ ಇದೆ. ಆದರೆ ಬಾಯಿ ಉರಿಯುತ್ತದೆಂದು ಒಂದು ದಿನದ ಕೂಲಿ ಬಿಟ್ಟು ತಿಕೋಟಾದ ದ್ರಾಕ್ಷಿ ತೋಟದ ಆಳು ನಗರಕ್ಕೆ ಬರುವುದಿಲ್ಲ. ಬಾಯಿ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ಒಂದು ಬ್ಯಾಟರಿ, ಪಳಗಿದ ಒಬ್ಬ ದಂತವೈದ್ಯ ಸಾಕು. ಸಂತೆಯ ದಿನ ತಿಕೋಟಾ, ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ಒಂದು ಮೇಜು ಹಾಕಿ ಕೂಡ್ರಲಿ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮ ಜಾಗ ಕೊಟ್ಟು ಮೊದಲು ತನ್ನ ಡ್ರೈವರ್, ಕಂಡಕ್ಟರರ ಬಾಯಿ ತೋರಿಸಲಿ. ತಂಬಾಕನ್ನೂ ಬೆರೆಸಿ ತಿನ್ನುವವರು ಅದನ್ನು ಬಿಡಬೇಕೆಂದರೆ 1800-11-2356 ಎಂಬ ಸರ್ಕಾರಿ ನಂಬರಿಗೆ ಪುಕ್ಕಟೆ ಫೋನು ಮಾಡಬಹುದು.

ಈ ಪತ್ರಿಕೆ ಹಿಡಿದು ಬಸ್ಸಿಗೆ ಕಾಯುತ್ತಿರುವವರು ಅಷ್ಟರೊಳಗೆ ಒಂದು ಕೆಲಸ ಮಾಡಬಹುದು. ಕೈ ತೊಳೆದುಕೊಂಡು ಮೂರು ಬೆರಳು ಜೋಡಿಸಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ನಿಲ್ಲಿಸಿ ನೋಡಿರಿ. ಹಿಡಿದರೆ ಪಾಕೀಟು ಇವತ್ತೇ ಬಿಡಿರಿ. ಹಿಡಿಯದಿದ್ದರೆ ಪಾಕೀಟೂ ಬಿಡಿರಿ, ನಾಳಿನ ಬಸ್ಸಿಗೆ ದವಾಖಾನೆಗೂ ಹೋಗಿರಿ.